ಬೆರಳಿಗೆ ಹತ್ತು ನಿಮಿಷ

ನಕಾಶೆಯ ನಾಲ್ಕು ಮೂಲೆಗೆ ನಾಲ್ಕು ತೂಕ:
ಉಪ್ಪಿನ ಡಬ್ಬಿ, ಜಾಮಿನ ಸೀಸೆ, ನನ್ನ ಮೊಣಕೈ,
ಮತ್ತೆ ಎಡ್ವಿನ್‌ನ ಕನ್ನಡಕ.
ಸಿಲ್ಸ್‌ಡನ್ನಿನ ಅಡುಗೆಮನೆಯಲ್ಲಿ
ರಾತ್ರಿ ಒಂಬತ್ತಾದರೂ ಜೂನ್ ತಿಂಗಳ ಬೆಳಕು ಏಳುತ್ತಿಲ್ಲ,
ಮಾತು ಮುಗಿದ ಮೇಲೂ ಹೊಸ್ತಿಲು ಬಿಡದ ನೆಂಟನ ಹಾಗೆ.

ನೀಲಿ ಗೆರೆಯ ಮೇಲೆ ಪೆನ್ಸಿಲ್ ಇಟ್ಟು ಜೋರಾಗಿ ಓದುತ್ತೇನೆ.
ಬಿಂಗ್ಲಿಗೆ ಎಂಟೋ ಒಂಬತ್ತೋ ಮೈಲಿ.
ಏರಿಲ್ಲ, ಇಳಿಜಾರಿಲ್ಲ. ಗುಡ್ಡದ ಸೊಂಟ ಬಳಸಿಕೊಂಡು
ತಟ್ಟೆಗೆ ಸುರಿದ ನೀರಿನಷ್ಟು ಸಮ.
ಹಿಂದೆ ಕುದುರೆಗಳು ದೋಣಿ ಎಳೆದ ದಾರಿ,
ಒಂದು ಕಡೆ ಬೇಲಿ, ಒಂದು ಕಡೆ ನೀರು;
ಎರಡು ಸೀಟಿನ ಸೈಕಲ್ಲು ತಪ್ಪು ಮಾಡಲು
ನಡುವೆ ಜಾಗ ಬಿಟ್ಟಿಲ್ಲ.

ಮುಂದಿನ ಸೀಟು ನನ್ನದು. ಮೂವತ್ತು ವರ್ಷ
ಶಾಲೆಯ ಮಕ್ಕಳಿಗೆ ಆಲೂಗೆಡ್ಡೆ ಬೇಯಿಸಿದವಳು,
ಸೈಕಲ್ಲು ಬಲ್ಲೆ, ಕಾಲುವೆ ಅರಿಯೆ.
ಹಿಂದೆ ಪಕ್ಕದ ಮನೆಯ ಎಡ್ವಿನ್ ಸಗ್ಡನ್.
ಹೂಳೆತ್ತುವ ದೋಣಿಯಲ್ಲಿ ಕೂದಲು ನರೆಸಿಕೊಂಡ.
ಕಣ್ಣು ಹೋಗಿ ಮೂರು ವರ್ಷ.

ನಾನು ಬರೆಯುತ್ತೇನೆ: ಟ್ಯೂಬು ಎರಡು, ಪಂಪು, ಸ್ಪ್ಯಾನರ್,
ಚೀಸು ಬ್ರೆಡ್ಡು, ಗಾಯದ ಪಟ್ಟಿ, ಒಂದು ಜೊತೆ ಕಾಲುಚೀಲ.
ಅವನು ಹೇಳುತ್ತಾನೆ: ಆ ತಿರುವಿನಲ್ಲಿ ಹೊಲಿಗೆ ಯಂತ್ರ ಸಿಕ್ಕಿತ್ತು,
ತೂಗುಸೇತುವೆ ಅಲ್ಲ, ತಿರುಗುವ ಸೇತುವೆ, ಅದರ ಕೆಳಗೆ
ತಿಜೋರಿ ಎರಡು, ಬಾಗಿಲು ಮುರಿದವು.
ಆಮೇಲೆ ಪಿಯಾನೋದ ಹಲ್ಲು, ಬಾಯಿ ಸಿಗಲಿಲ್ಲ.
ಸೈಕಲ್ಲು? ಅಂದೆ.
ಲೆಕ್ಕ ಬಿಟ್ಟೆ ನೆಸ್ಟಾ, ಅಂದ.

ಎರಡು ಕುರ್ಚಿ ಒಂದರ ಹಿಂದೊಂದು ಇಟ್ಟು ಅಭ್ಯಾಸ ಮಾಡಿದೆವು.
'ಬಗ್ಗು' ಅಂದರೆ ಸೇತುವೆ. 'ಬಿಡು' ಅಂದರೆ ಪೆಡಲ್ ತುಳಿಯಬೇಡ.
ಬಾತುಕೋಳಿಗೆ ಪದ ಬೇಡವಂತೆ, ಅವೇ ಬೈಯುತ್ತವೆ.
'ಬಗ್ಗು' ಅಂತ ತಿರುಗಿ ನೋಡಿದರೆ
ಅವನು ಆಗಲೇ ಬಗ್ಗಿದ್ದಾನೆ, ಒಲೆಯ ಮುಂದೆ,
ಕಲ್ಲೇ ಇಲ್ಲದ ಕಮಾನಿನ ಕೆಳಗೆ.
ಸೇತುವೆ ಬರೋಕ್ಕಿಂತ ಮುಂಚೆ
ಕತ್ತು ತಣ್ಣಗಾಗುತ್ತೆ, ಅಂದ.
ಅಡುಗೆಮನೆಯಲ್ಲೂ? ಕೇಳಲಿಲ್ಲ.

ಎಂಟಕ್ಕೆ ಹೊರಡುವುದು. ಒಂಬತ್ತೂವರೆಗೆ ರಿಡಲ್ಸ್‌ಡನ್, ಚಹಾ.
ಇಲ್ಲೊಂದು ಕಡೆ ನಿಲ್ಲಿಸಬೇಕು, ಎಂದು
ಅವನ ಬೆರಳು ನಕಾಶೆಯ ಮೇಲೆ ಇಳಿದದ್ದು ರೈಲು ಹಳಿಗೆ.
ನಾನು ಸರಿಸಲಿಲ್ಲ.
ಹಳೆ ಕಲ್ಲಿನ ಸೇತುವೆ. ಸೊಂಟದೆತ್ತರದ ಮೂಲೆ.
ಕುದುರೆ ಆ ಕಡೆ, ದೋಣಿ ಈ ಕಡೆ,
ಮರಳು ಮೆತ್ತಿದ ಒದ್ದೆ ಹಗ್ಗ
ದಿನಾ ತಿಕ್ಕಿ ತಿಕ್ಕಿ ಕೊರೆದ ಗೀರು, ಏಳು.
ಹೋಗುತ್ತ ಬರುತ್ತ ಎಣಿಸಿದ್ದೆ.
ಮುಟ್ಟಿರಲಿಲ್ಲ.
ಕೈಗವಸು ಇರ್ತಿತ್ತಲ್ಲ.

ಪಟ್ಟಿಯಲ್ಲಿ ಸೇರಿಸಿದೆ:
ಹತ್ತೂ ಕಾಲು, ಬೆರಳಿಗೆ ಹತ್ತು ನಿಮಿಷ.

ಬಿಂಗ್ಲಿಯಲ್ಲಿ ನೀರು ಐದು ಮೆಟ್ಟಿಲು ಇಳಿಯುತ್ತದೆ.
ನಾನು: ಮೇಲಿನಿಂದಲೇ ತಿರುಗೋಣ, ಇಳಿದದ್ದನ್ನು ಹತ್ತಬೇಕು.
ಅವನು: ಕೆಳಗಡೆ ನಿಂತರೇ ಐದೂ ಬಾಗಿಲು
ಬೇರೆ ಬೇರೆ ಕೇಳಿಸೋದು.
ನಾನು: ಪಶ್ಚಿಮದ ಗಾಳಿಯಂತೆ, ಹೋಗುವಾಗ ಬೆನ್ನಿಗೆ,
ಬರುವಾಗ ಎದೆಗೆ.
ಅವನು: ನಿನ್ನ ಎದೆಗೆ. ನಾನು ಹಿಂದೆ ಇರ್ತೇನೆ.

ಇದೊಂದು ತೀರ್ಮಾನವಾಗದೆ ಉಳಿಯಿತು.
ಪೆನ್ಸಿಲಿನಲ್ಲಿ ಪ್ರಶ್ನೆಯ ಕೊಕ್ಕೆ ಹಾಕಿ ಬಿಟ್ಟೆ.

ಎದ್ದವನು ಮೇಜು ತಡವಿ ಕನ್ನಡಕ ತೆಗೆದುಕೊಂಡ.
ನಾಳೆ ಬೇಕು ಅಂದ. ನೊಣ ಬಿದ್ದರೆ
ಕಣ್ಣು ಉರಿಯೋದು ಈಗಲೂ ಉರಿಯುತ್ತೆ.
ತೂಕ ತಪ್ಪಿದ ಮೂಲೆ ಮೆಲ್ಲಗೆ ಸುರುಳಿ ಸುತ್ತಿ
ಬಿಂಗ್ಲಿಯ ಮೇಲೆ ಮಲಗಿತು.